ಮಾಳಮಡ್ಡಿಯ ಒಂದು ಕೋಣೆ: ಮಳೆಗಾಲದಲ್ಲಿ ಸ್ಟೀಮ್, ಆಮೇಲೆ ಕಡಿಮೆ ನೀರಿನ ತೊಳೆತ

ಜುಲೈ ತಿಂಗಳು. ಧಾರವಾಡದಲ್ಲಿ ವಾರದಿಂದ ಜಿಟಿಜಿಟಿ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳೂವರೆಗೆ ಮಾಳಮಡ್ಡಿಯಿಂದ ಅಕ್ಕೋರ ಫೋನ್ ಬಂತು.

"ತಮ್ಮಾ, ನೀ ತೊಳದ ಹೋಗಿ ಮೂರು ದಿನ ಆತು. ಕೋಲಿಯೊಳಗ ಕಾಲಿಟ್ರ ಸಾಕು, ಹಸಿ ಗೋಣಿಚೀಲದ ವಾಸನಿ ಬರ್ಲಿಕ್ಕತ್ತದ. ಒಮ್ಮೆ ಬಂದು ನೋಡಪಾ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು. ಹತ್ತು ಗಂಟೆಗೆಲ್ಲ ಅವರ ಮನೆಯಲ್ಲಿದ್ದೆ.

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಸೋಫಾ, ಗಾದಿ, ಕಾರ್ಪೆಟ್ ತೊಳೆಯುವ ಕೆಲಸ ಮಾಡುತ್ತೇನೆ. ಜೊತೆಗೆ ಇಬ್ಬರು ಹುಡುಗರಿದ್ದಾರೆ. ಗಿರಾಕಿಗಳು ದಿನಾ ಕೇಳುವ ಪ್ರಶ್ನೆ ಒಂದೇ: "ಸ್ಟೀಮ್ ಚಲೋನೋ, ಡ್ರೈ ಚಲೋನೋ?" ಒಂದೇ ಕೋಣೆಯಲ್ಲಿ, ಒಂದೇ ಕಾರ್ಪೆಟ್ ಮೇಲೆ ಎರಡನ್ನೂ ಮಾಡಿದ್ದು ಈ ಮನೆಯಲ್ಲಿ. ಏನೇನು ತಪ್ಪಿತು, ಏನು ಸರಿಹೋಯಿತು ಎಂಬುದನ್ನು ಆಗಲೇ ಡೈರಿಯಲ್ಲಿ ಬರೆದಿಟ್ಟಿದ್ದೆ. ಆ ಟಿಪ್ಪಣಿ ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕೋಣೆ ಮತ್ತು ಕಾರ್ಪೆಟ್

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಈಗ ಓಣಿಗೆಲ್ಲ ಅಕ್ಕೋರೇ. ಮನೆಯಲ್ಲಿ ಮಗ, ಸೊಸೆ, ಏಳು ವರ್ಷದ ಮೊಮ್ಮಗ.

ಕೋಣೆ ಮಹಡಿ ಮೇಲಿದೆ. 12 ಅಡಿಗೆ 14 ಅಡಿ, ಅಂದರೆ 168 ಚದರ ಅಡಿ. ಗೋಡೆಯಿಂದ ಗೋಡೆಗೆ ನೈಲಾನ್ ಕಾರ್ಪೆಟ್. ಅದರ ಬೆನ್ನಿಗೆ ಸೆಣಬಿನ ಬಟ್ಟೆ, ಅದರ ಕೆಳಗೆ ಫೋಮ್, ಎಲ್ಲಕ್ಕೂ ಕೆಳಗೆ ಫರಸಿ. ಅಂಚಿನುದ್ದಕ್ಕೂ ಮೊಳೆ ಪಟ್ಟಿ ಹೊಡೆದು ಬಿಗಿದಿದ್ದಾರೆ. ಸುತ್ತಿ ಗಚ್ಚಿನ ಮೇಲೆ ಒಯ್ದು ಬಿಸಿಲಿಗೆ ಹಾಕುವ ಮಾತೇ ಇಲ್ಲ. ಏನು ಮಾಡಿದರೂ ಅಲ್ಲೇ ಮಾಡಬೇಕು, ಅಲ್ಲೇ ಒಣಗಬೇಕು. ಪಶ್ಚಿಮಕ್ಕೆ ಒಂದು ಕಿಟಕಿ, ಒಂದು ಬಾಗಿಲು. ಗೋಡೆಗೆ ಒಂದು ಎಸಿ. ಏಪ್ರಿಲ್, ಮೇ ಬಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ.

ನನ್ನನ್ನು ಕರೆದದ್ದು ಮೊಮ್ಮಗನ ಸಲುವಾಗಿ. ಹುಡುಗ ಆ ಕೋಣೆಯಲ್ಲೇ ಮಲಗುತ್ತಾನೆ. ಬೆಳಿಗ್ಗೆ ಎದ್ದರೆ ಸೀನು ನಿಲ್ಲುವುದಿಲ್ಲ. ಧೂಳು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. "ಸ್ಟೀಮ್ ಮಾಡಸ್ರಿ, ಹುಳಾ ಎಲ್ಲಾ ಸಾಯ್ತಾವ" ಅಂತ ಯಾರೋ ಸಲಹೆ ಕೊಟ್ಟಿದ್ದರು. ನಾನೂ ಹೂಂ ಅಂದೆ.

ಕಾರ್ಪೆಟ್ ಮೇಲೆ ಮೂರು ಗುರುತು ಎದ್ದು ಕಾಣುತ್ತಿದ್ದವು. ಮಂಚದ ಪಕ್ಕ ಚಹಾದ ಹಳೆಯ ಕಲೆ. ಓದುವ ಮೇಜಿನ ಕೆಳಗೆ ಅಂಗೈ ಅಗಲದ ಅರಿಶಿನದ ಕಲೆ. ಹುಡುಗನಿಗೆ ಕೆಮ್ಮಿದ್ದಾಗ ಕೊಟ್ಟ ಅರಿಶಿನ ಹಾಲು ಚೆಲ್ಲಿದ್ದು. ಮೂರನೆಯದು ಬಾಗಿಲಿನಿಂದ ಮಂಚದವರೆಗೆ ಕಾಲುದಾರಿಯ ಹಾಗೆ ಕಪ್ಪಗಾದ ಪಟ್ಟಿ.

ಆ ಕಪ್ಪು ಪಟ್ಟಿಯ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕೋರ ತವರು ನವಲಗುಂದ. ಅಲ್ಲಿ ಹೊಲವಿದೆ. ಮಗ ವಾರಕ್ಕೊಮ್ಮೆ ಹೋಗಿ ಬರುತ್ತಾರೆ. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಮಣ್ಣು. ಪೂರ್ವಕ್ಕೆ ಹುಬ್ಬಳ್ಳಿ, ನವಲಗುಂದದ ಕಡೆ ಎರೆ ಮಣ್ಣು. ಎರೆ ಮಣ್ಣಿನ ಕಣ ಬಹಳ ಸಣ್ಣದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಯಾದ ಮರುದಿನ ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು, ಚಪ್ಪಲಿಯ ಅಡಿಗೆ ಎರಡು ಕಿಲೋ ಅಂಟಿಕೊಂಡು ಬರುತ್ತದೆ. ಕಾರ್ಪೆಟ್ ಒಳಗೂ ಅದರ ಗುಣ ಅದೇ. ಒಣಗಿದ್ದಾಗ ಪುಡಿ, ವ್ಯಾಕ್ಯೂಮ್ ಎಳೆದರೆ ಬರುತ್ತದೆ. ನೀರು ಬಿತ್ತೋ, ಎಳೆಗಳ ಬುಡದಲ್ಲಿ ಕೆಸರಾಗಿ ಕೂತುಬಿಡುತ್ತದೆ.

ಹಾಗಾಗಿ ಯಾವ ವಿಧಾನವೇ ಇರಲಿ, ಮೊದಲು ಒಣ ಧೂಳು ತೆಗೆಯಬೇಕು. ಕಾರ್ಪೆಟ್‌ನಲ್ಲಿರುವ ಹೊಲಸಿನಲ್ಲಿ ಹೆಚ್ಚಿನ ಪಾಲು ಒಣ ಕಣವೇ. ನಿಧಾನವಾಗಿ, ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ ವ್ಯಾಕ್ಯೂಮ್ ಎಳೆದರೆ ಅಷ್ಟು ಕೋಣೆಗೆ ಮುಕ್ಕಾಲು ಗಂಟೆ ಬೇಕು. ಆ ದಿನ ನಾನು ಕೊಟ್ಟದ್ದು ಹತ್ತು ನಿಮಿಷ. ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಇನ್ನೊಂದು ಕೆಲಸ ಒಪ್ಪಿಕೊಂಡಿದ್ದೆ. ಈ ಪ್ರಕರಣದ ಮೊದಲ ತಪ್ಪು ಅದು. ಅದು ನನ್ನದೇ.

ಆ ದಿನ ಏನು ಮಾಡಿದೆ

'ಸ್ಟೀಮ್' ಅಂತ ನಾವು ಬಾಯಿಮಾತಿಗೆ ಅನ್ನುತ್ತೇವೆ, ಅಷ್ಟೇ. ಕಾರ್ಪೆಟ್ ಕೆಲಸದಲ್ಲಿ ಅದು ಬಿಸಿನೀರಿನ ತೊಳೆತ. ಮಷಿನ್ ಬಿಸಿನೀರನ್ನು ಒತ್ತಡದಿಂದ ಎಳೆಗಳ ಒಳಗೆ ಚಿಮ್ಮುತ್ತದೆ, ಅದೇ ತಲೆಯ ಇನ್ನೊಂದು ಸೀಳಿನಿಂದ ಹೊಲಸು ನೀರನ್ನು ಹಿಂದಕ್ಕೆ ಹೀರುತ್ತದೆ. ಆವಿ ಕಾಣುವುದು ನೀರು ಬಿಸಿ ಇರುವುದರಿಂದ. ಅಂಗಡಿಯಲ್ಲಿ ಸಿಗುವ ಕೈಸ್ಟೀಮರ್ ಬೇರೆ ಜಾತಿ. ಅದು ನಿಜವಾದ ಆವಿ ಬಿಡುತ್ತದೆ, ಆದರೆ ಏನನ್ನೂ ಹೀರುವುದಿಲ್ಲ. ಸಡಿಲಾದ ಹೊಲಸು ಅಲ್ಲೇ ಉಳಿಯುತ್ತದೆ. ಟೈಲ್ಸ್ ಸಂದಿಗೆ ಅದು ಒಳ್ಳೆಯದು. ಕಾರ್ಪೆಟ್‌ಗೆ ಅದನ್ನೊಂದೇ ನಂಬಬೇಡಿ.

ಬಿಸಿನೀರಿನ ತೊಳೆತಕ್ಕೆ ಒಳ್ಳೆಯ ಹೆಸರಿದೆ, ಅದು ಸುಮ್ನೆ ಬಂದದ್ದಲ್ಲ. ಆಳಕ್ಕೆ ಹೋಗಿ ಹೊಲಸು ತರುವುದರಲ್ಲಿ ಅದಕ್ಕೆ ಸಮ ಇಲ್ಲ. ಅನೇಕ ಕಾರ್ಪೆಟ್ ಕಂಪನಿಗಳೇ ಒಂದು, ಒಂದೂವರೆ ವರ್ಷಕ್ಕೊಮ್ಮೆ ಹಾಗೆ ತೊಳೆಸಿ ಅನ್ನುತ್ತವೆ. ಅವರು ಹೇಳುವುದು ಸರಿಯೇ. ಹಾಕಿದ ನೀರು ಹೊರಗೆ ಬರಬೇಕು, ಅಷ್ಟೇ.

ಆ ದಿನ 15 ಲೀಟರಿನ ನಾಲ್ಕು ಬಕೆಟ್ ನೀರು ಒಳಗೆ ಹೋಯಿತು, ಅಂದರೆ 60 ಲೀಟರ್. ಹೊಲಸು ನೀರಿನ ಟ್ಯಾಂಕಿನಿಂದ ವಾಪಸ್ ಬಂದದ್ದು ಮೂರು ಬಕೆಟ್‌ಗೂ ಕಡಿಮೆ, 42 ಲೀಟರ್ ಆಸುಪಾಸು. ಹದಿನೆಂಟು ಲೀಟರ್ ಕಾರ್ಪೆಟ್‌ನಲ್ಲೇ ಉಳಿಯಿತು. ಆ ಲೆಕ್ಕವನ್ನು ನಾನು ಮಾಡಿದ್ದು ಮೂರು ದಿನದ ನಂತರ, ವಾಸನೆ ಬಂದ ಮೇಲೆ. ಬಕೆಟ್‌ಗಳು ಆ ದಿನವೇ ನನ್ನ ಕಣ್ಣ ಮುಂದೆ ಇದ್ದವು.

ಶಾಂಪೂ ಕೂಡ ಜಾಸ್ತಿ ಹಾಕಿದ್ದೆ. ಪಟ್ಟಿ ತುಂಬಾ ಕಪ್ಪಗಿದೆ ಅಂತ ಅಳತೆಗಿಂತ ದುಪ್ಪಟ್ಟು. ಒಮ್ಮೆ ನೀರು ಚಿಮ್ಮಿದರೆ ನೀರು ಬಿಡದೆ ಎರಡು ಸಲ ಬರೀ ಹೀರಬೇಕು. ನಮ್ಮ ಹುಡುಗರು ಒಂದೇ ಸಲ ಎಳೆದರು, ನಾನೂ ತಡೆಯಲಿಲ್ಲ. ಹೊರಡುವಾಗ ಫ್ಯಾನ್ ಹಚ್ಚಿ, ಕಿಟಕಿ ಪೂರ್ತಿ ತೆರೆದು, "ಗಾಳಿ ಆಡ್ಲಿ ಅಕ್ಕೋರ, ರಾತ್ರಿಯೊಳಗ ಒಣಗ್ತದ" ಅಂತ ಹೇಳಿ ಬಂದೆ.

ಆ ಕಿಟಕಿ ತೆರೆದದ್ದೇ ದೊಡ್ಡ ತಪ್ಪು. ಬೇಸಿಗೆಯಲ್ಲಾದರೆ ಅದೇ ಸರಿಯಾದ ಕೆಲಸ. ಆದರೆ ಜುಲೈನಲ್ಲಿ ಧಾರವಾಡದ ಗಾಳಿ ತಾನೇ ನೀರು ತುಂಬಿಕೊಂಡು ನಿಂತಿರುತ್ತದೆ. ಹಗ್ಗದ ಮೇಲಿನ ಬನಿಯನ್ನೇ ಎರಡು ದಿನವಾದರೂ ಒಣಗುವುದಿಲ್ಲ ಅಲ್ವಾ? ಅಂಥ ಗಾಳಿಯನ್ನು ಒಳಗೆ ಕರೆದು, ಅದು ಕಾರ್ಪೆಟ್‌ನ ನೀರು ಹೊತ್ತೊಯ್ಯಲಿ ಅಂದರೆ ಹೇಗೆ? ಮೇಲಿನ ಫ್ಯಾನ್ ಅದೇ ಹಸಿ ಗಾಳಿಯನ್ನು ತಿರುವಿ ತಿರುವಿ ಹಾಕಿತು. ಎಳೆಗಳ ತುದಿ ಮಾತ್ರ ಒಣಗಿತು. ಮರುದಿನ ಅಕ್ಕೋರು ಕೈಯಾಡಿಸಿ "ಒಣಗೇದ" ಅಂದುಕೊಂಡರು. ಕೆಳಗಿನ ಫೋಮ್ ಪೂರ್ತಿ ತೊಯ್ದಿತ್ತು.

ಮೂರನೆಯ ದಿನ ಕಂಡದ್ದು

ವಾಸನೆ ಮೆಟ್ಟಿಲ ಹತ್ತಿರವೇ ಬಂತು. ಗೋಡೆಯ ಅಂಚಿನುದ್ದಕ್ಕೂ ನಾಲ್ಕು ಬೆರಳಗಲ ಚಹಾ ಡಿಕಾಕ್ಷನ್ ಬಣ್ಣದ ಪಟ್ಟಿ ಮೂಡಿತ್ತು. ತೊಳೆದಾಗ ಮಾಯವಾಗಿದ್ದ ಚಹಾದ ಕಲೆ ಮಂಚದ ಪಕ್ಕ ವಾಪಸ್ ಬಂದಿತ್ತು, ಮೊದಲಿಗಿಂತ ಅಗಲವಾಗಿ. ಮೇಜಿನ ಕೆಳಗಿನ ಅರಿಶಿನದ ಕಲೆ ಕೆಂಪಾಗಿತ್ತು.

ಅಕ್ಕೋರಿಗೆ ಹೆಚ್ಚು ಗಾಬರಿಯಾದದ್ದು ಆ ಕೆಂಪು ಕಲೆ ನೋಡಿ. "ಇದೇನೋ ತಮ್ಮಾ, ರಕ್ತ ಬಿದ್ದಂಗ ಕಾಣಸ್ತದ."

ಅದಕ್ಕೆ ಉತ್ತರ ಅವರ ದೇವರ ಮನೆಯಲ್ಲೇ ಇತ್ತು. ಕುಂಕುಮ ಮಾಡುವ ಹಳೆಯ ಪದ್ಧತಿ ನಮಗೆಲ್ಲ ಗೊತ್ತು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಸುಣ್ಣ ಕ್ಷಾರ. ನಾನು ಹಾಕಿದ ಶಾಂಪೂ ಕೂಡ ಕ್ಷಾರವೇ. ಕಾರ್ಪೆಟ್ ಮೇಲೆ ನಾನು ಕುಂಕುಮ ಮಾಡಿ ಹೋಗಿದ್ದೆ. ಅಕ್ಕೋರಿಗೆ ಇದನ್ನು ಹೇಳಿ, ಅಡುಗೆಮನೆಯಿಂದ ಅರ್ಧ ಲಿಂಬೆಹಣ್ಣು ತರಿಸಿದೆ. ಬಿಳಿ ಬಟ್ಟೆಗೆ ರಸ ಹಿಂಡಿ, ನೀರು ಬೆರೆಸಿ, ಕಲೆಯ ಒಂದು ಮೂಲೆಗೆ ಒತ್ತಿದೆ. ನೋಡನೋಡುತ್ತಲೇ ಆ ಮೂಲೆ ಹಳದಿಗೆ ತಿರುಗಿತು. ಹುಡುಗ ಬಗ್ಗಿ ಕೂತು ನೋಡುತ್ತಿದ್ದ. "ಅಜ್ಜಿ, ಮತ್ತೊಮ್ಮೆ ಮಾಡಸು" ಅಂದ. ಹುಳಿ ತಾಗಿದರೆ ಬಣ್ಣ ಹಳದಿಗೆ ಮರಳುತ್ತದೆ, ಅರಿಶಿನ ಮಾತ್ರ ಹೋಗುವುದಿಲ್ಲ. ಅದಕ್ಕೆ ಬಿಸಿಲೇ ಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಂದು ಪಟ್ಟಿ ಬಂದದ್ದು ಸೆಣಬಿನಿಂದ. ಸೆಣಬಿನ ನಾರಿನಲ್ಲಿ ಲಿಗ್ನಿನ್ ಅಂತ ಒಂದು ಪದಾರ್ಥ ಇರುತ್ತದೆ. ಕ್ಷಾರದ ನೀರಿನಲ್ಲಿ ಬಹಳ ಹೊತ್ತು ನೆನೆದರೆ ಅದರಿಂದ ಕಂದು ಬಣ್ಣ ಬಿಡುತ್ತದೆ, ಒಣಗುವಾಗ ಎಳೆಗಳ ತುದಿಗೆ ಏರುತ್ತದೆ. ಚಹಾದ ಕಲೆ ಮರಳಿದ್ದೂ ಹೀಗೇ. ಬುಡದಲ್ಲಿ ಉಳಿದಿದ್ದ ಚಹಾ ನೀರಲ್ಲಿ ಕರಗಿತು. ತುದಿ ಒಣಗುತ್ತಾ ಹೋದಂತೆ, ದೀಪದ ಬತ್ತಿ ಎಣ್ಣೆ ಎಳೆದಂತೆ, ಎಳೆ ಅದನ್ನು ಮೇಲಕ್ಕೆ ಎಳೆದುಕೊಂಡಿತು.

ಇನ್ನು ವಾಸನೆ. ತೊಯ್ದ ವಸ್ತುವನ್ನು 24 ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಬರುವುದನ್ನು ಬಹುಮಟ್ಟಿಗೆ ತಡೆಯಬಹುದು ಎಂದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ. ನಾವು 72 ಗಂಟೆ ದಾಟಿದ್ದೆವು. ಧೂಳಿನಲ್ಲಿ ಬದುಕುವ, ಸೀನು ತರಿಸುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಧೂಳು ನುಸಿ. ಅದಕ್ಕೂ ತೇವವೇ ಇಷ್ಟ. ಹುಡುಗನ ಸೀನು ಕಡಿಮೆ ಮಾಡಲು ಹೋಗಿ ಆ ಕೋಣೆಯನ್ನು ನುಸಿಗೆ ಹಿತವಾಗುವಂತೆ ಮಾಡಿಬಿಟ್ಟಿದ್ದೆ. ಇದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಹುಡುಗನ ಹಾಸಿಗೆಯನ್ನು ಅವತ್ತೇ ಕೆಳಗಿನ ಕೋಣೆಗೆ ಹಾಕಿಸಿದೆ.

ಎಸಿ ಪೈಪಿನ ಕೆಳಗಿನ ಬಕೆಟ್

ಮೊದಲು ಬಾಗಿಲ ಮೂಲೆಯಲ್ಲಿ ಮೊಳೆ ಪಟ್ಟಿಯಿಂದ ಕಾರ್ಪೆಟ್ ಬಿಡಿಸಿ ಎತ್ತಿದೆ. ಕೆಳಗಿನ ಫೋಮ್ ಹಿಂಡಿದರೆ ನೀರು ಸುರಿಯಿತು. ಸೆಣಬಿನ ಬೆನ್ನ ಮೇಲೆ ಎರಡು ಕಡೆ ಸಾಸಿವೆ ಕಾಳಿನಷ್ಟು ಬೂದು ಚುಕ್ಕೆಗಳು. ಬೂಷ್ಟು ಆಗ ತಾನೇ ಹತ್ತಿತ್ತು. ಫೋಮ್ ಪೂರ್ತಿ ಕಿತ್ತು ಹೊರಗೆ ಹಾಕಿದೆವು. ಅದನ್ನು ಒಣಗಿಸಿ ಮತ್ತೆ ಹಾಕುವ ಆಸೆ ಬಿಟ್ಟೆ. ಒಮ್ಮೆ ಹಾಗೆ ನೆನೆದ ಫೋಮ್ ನಂಬಬಾರದು. ಬೂಷ್ಟು ಹತ್ತಿದ ಜಾಗ ಒರೆಸಿ, ಎತ್ತಿದ ಅಂಚುಗಳ ಕೆಳಗೆ ಇಟ್ಟಿಗೆ ಇಟ್ಟು, ಆ ಸಂದಿಯಿಂದ ನೆಲದ ಬ್ಲೋವರ್ ಗಾಳಿ ಹೋಗುವಂತೆ ಮಾಡಿದೆವು.

ಆಮೇಲೆ ಕಿಟಕಿ ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿದೆ. ಎಸಿಯನ್ನು ಡ್ರೈ ಮೋಡ್‌ಗೆ ಹಾಕಿದೆ.

"ಈ ಮಳಿಯೊಳಗ ಎಸಿ ಹಚ್ತೀಯೇನೋ?" ಅಕ್ಕೋರಿಗೆ ಆಶ್ಚರ್ಯ.

"ತಂಪಿಗಲ್ರಿ ಅಕ್ಕೋರ. ನೀರ ಎಳಿಲಿಕ್ಕೆ."

ಎಸಿಯ ತಣ್ಣನೆಯ ಕಾಯಿಲ್‌ಗೆ ಕೋಣೆಯ ಗಾಳಿ ತಾಗಿದಾಗ ಅದರಲ್ಲಿನ ತೇವ ಹನಿಯಾಗಿ ಇಳಿದು ಪೈಪಿನಿಂದ ಹೊರಗೆ ಹೋಗುತ್ತದೆ. ಫ್ಯಾನ್ ಈ ಕೆಲಸ ಮಾಡಲಾರದು. ಅಕ್ಕೋರಿಗೆ ನಂಬಿಕೆ ಬರಲಿ ಅಂತ ಹಿತ್ತಲಲ್ಲಿ ಆ ಪೈಪಿನ ಕೆಳಗೆ ನನ್ನ ಬಕೆಟ್ ಇಟ್ಟೆ, ಮೇಲೆ ಮಳೆನೀರು ಬೀಳದಂತೆ ತಗಡು ಮುಚ್ಚಿದೆ. ಮರುದಿನ ಬೆಳಿಗ್ಗೆ ಹೋದಾಗ ಅರ್ಧ ಬಕೆಟ್ ತುಂಬಿತ್ತು. ಮೂರು ರಾತ್ರಿಗೆ ಒಂದೂವರೆ ಬಕೆಟ್. ಅದೆಲ್ಲ ಕಾರ್ಪೆಟ್‌ನದೇ ಅಲ್ಲ, ಗಾಳಿಯ ತೇವವೂ ಸೇರಿತ್ತು. ಆದರೂ ನಾನು ಬಿಟ್ಟು ಹೋಗಿದ್ದ ನೀರು ಹನಿಹನಿಯಾಗಿ ಹೊರಗೆ ಬಂದದ್ದನ್ನು ಅಕ್ಕೋರೂ ನೋಡಿದರು, ನಾನೂ ನೋಡಿದೆ. ಮೊದಲ ದಿನವೇ ಹೀಗೆ ಮಾಡಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಒಣಗಿದೆಯೋ ಇಲ್ಲವೋ ಅಂತ ಕೈಯಿಂದ ನೋಡಿದರೆ ತಿಳಿಯುವುದಿಲ್ಲ. ನಾನು ಈಗ ಗಾಜಿನ ಬಟ್ಟಲು ಬೋರಲು ಇಡುತ್ತೇನೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಒಳಗೆ ಮಂಜು ಕಟ್ಟಿದ್ದರೆ ಕೆಳಗೆ ಇನ್ನೂ ಹಸಿ ಇದೆ ಅಂತ ಅರ್ಥ. ಎಸಿ ಹಚ್ಚಿದ ಎರಡನೆಯ ದಿನ ಬಟ್ಟಲಲ್ಲಿ ಹನಿಯೇ ಕಂಡಿತು. ನಾಲ್ಕನೆಯ ದಿನ ಗಾಜು ತಿಳಿಯಾಗಿತ್ತು. ವಾಸನೆ ಮುಕ್ಕಾಲು ಪಾಲು ಹೋಗಿತ್ತು.

ಕಂದು ಅಂಚಿಗೆ ಸಿಟ್ರಿಕ್ ಆಸಿಡ್ ಪುಡಿಯನ್ನು ತೆಳ್ಳಗೆ ನೀರಲ್ಲಿ ಕರಗಿಸಿ, ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ಹೊಡೆದು, ಬಿಳಿ ಟವೆಲ್‌ನಿಂದ ಒತ್ತಿ ತೆಗೆದೆ. ಉಜ್ಜಲಿಲ್ಲ. ಎರಡು ಸಲದಲ್ಲಿ ಡಿಕಾಕ್ಷನ್ ಬಣ್ಣ ಹೋಗಿ ನಸು ಕೆನೆ ಬಣ್ಣ ಉಳಿಯಿತು.

ಎರಡು ಲೀಟರಿನ ತೊಳೆತ

ಐದನೆಯ ದಿನ ಕಡಿಮೆ ನೀರಿನ ವಿಧಾನ ಮಾಡಿದೆ. ಗಿರಾಕಿಗಳು ಇದಕ್ಕೆ ಡ್ರೈ ಕ್ಲೀನಿಂಗ್ ಅನ್ನುತ್ತಾರೆ. ಪೂರ್ತಿ ಒಣ ಏನಲ್ಲ, ನೀರು ಬಹಳ ಕಡಿಮೆ. ಇದರಲ್ಲೂ ಬಗೆಗಳಿವೆ. ತೇವದ ಪುಡಿ ಹರಡಿ ಬ್ರಷ್ ಆಡಿಸಿ ಎಳೆಯುವುದು ಒಂದು. ಒದ್ದೆ ಪ್ಯಾಡ್ ತಿರುಗಿಸಿ ಒರೆಸುವುದು ಇನ್ನೊಂದು. ನಾನು ಮಾಡುವುದು ಎನ್‌ಕ್ಯಾಪ್ ಲಿಕ್ವಿಡ್ ಹೊಡೆದು ಪ್ಯಾಡ್ ಮಷಿನ್ ತಿರುಗಿಸುವುದು. ಆ ಲಿಕ್ವಿಡ್‌ನಲ್ಲಿ ಒಂದು ಪಾಲಿಮರ್ ಇರುತ್ತದೆ. ಹೊಲಸಿನ ಕಣವನ್ನು ಸುತ್ತಿಕೊಂಡು ಒಣಗುತ್ತಾ ಗಾಜಿನ ಪುಡಿಯ ಹಾಗೆ ಬಿರುಸಾಗುತ್ತದೆ. ಆಮೇಲೆ ವ್ಯಾಕ್ಯೂಮ್ ಎಳೆದರೆ ಹೊಲಸಿನ ಸಮೇತ ಉದುರಿ ಬರುತ್ತದೆ.

ಎಲ್ಲ ಲಿಕ್ವಿಡ್ ಹಾಗೆ ಒಣಗುವುದಿಲ್ಲ, ಇದನ್ನು ಮಾತ್ರ ಮರೆಯಬಾರದು. ಕೊಳ್ಳುವ ಮುಂಚೆ ಒಂದು ಚಮಚ ಸ್ಟೀಲ್ ತಾಟಿನಲ್ಲಿ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಗುರಿನಿಂದ ಕೆರೆಯಿರಿ. ಪುಡಿಯಾಗಿ ಎದ್ದರೆ ಸರಿ. ಬೆಲ್ಲದ ಪಾಕದ ಹಾಗೆ ಅಂಟಿದರೆ ಕಾರ್ಪೆಟ್ ಮೇಲೂ ಅಂಟಾಗೇ ಉಳಿಯುತ್ತದೆ, ಓಡಾಡುವವರ ಕಾಲಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳೊಳಗೆ ಕಾರ್ಪೆಟ್ ಮೊದಲಿಗಿಂತ ಕಪ್ಪು. ಬಿಸಿನೀರಿನ ತೊಳೆತದಲ್ಲಿ ಶಾಂಪೂ ಉಳಿದರೂ ಇದೇ ಗತಿ.

ಆ ದಿನ ವ್ಯಾಕ್ಯೂಮ್‌ಗೆ ಐವತ್ತು ನಿಮಿಷ ಕೊಟ್ಟೆ. ಚೀಲ ಬಿಚ್ಚಿ ಕಾಗದದ ಮೇಲೆ ಸುರಿದೆ. ಬೂದು ಬಣ್ಣದ, ಹಿಟ್ಟಿನಷ್ಟು ನುಣ್ಣನೆಯ ಎರೆ ಮಣ್ಣು, ಎರಡು ಬೊಗಸೆ. ಅಕ್ಕೋರು ಬೆರಳಿನಿಂದ ತಿಕ್ಕಿ ನೋಡಿ "ಇದು ನಮ್ಮ ಹೊಲದ್ದ" ಅಂದರು.

ಕೋಣೆಗೆಲ್ಲ ಸೇರಿ ಎರಡು ಲೀಟರ್ ಲಿಕ್ವಿಡ್ ಹೋಯಿತು. ಮೊದಲ ದಿನದ 60 ಲೀಟರ್ ನೆನಪಿಸಿಕೊಳ್ಳಿ. ಪ್ಯಾಡ್ ಕಪ್ಪಾದಂತೆ ಮಗುಚಿ, ಬದಲಿಸಿ, ನಾಲ್ಕು ಪ್ಯಾಡ್ ಬಳಸಿದೆ. ಎಸಿ ಡ್ರೈ ಮೋಡ್‌ನಲ್ಲೇ ಇತ್ತು. ಒಂದೂವರೆ ಗಂಟೆಗೆ ಬಟ್ಟಲಲ್ಲಿ ಮಂಜು ಇರಲಿಲ್ಲ. ಮರುದಿನ ಮತ್ತೊಮ್ಮೆ ವ್ಯಾಕ್ಯೂಮ್. ಕಪ್ಪು ಪಟ್ಟಿ ಹತ್ತಿರ ಹೋಗಿ ನೋಡಿದರಷ್ಟೇ ಕಾಣುವಷ್ಟು ತಿಳಿಯಾಯಿತು. ಚಹಾದ ಕಲೆ ಮರಳಲಿಲ್ಲ. ಬುಡಕ್ಕೆ ನೀರೇ ಇಳಿಯದಿದ್ದರೆ ಮೇಲೆ ಏರಲು ಏನಿದೆ?

ಎರಡೂ ಸಲದ ಹಣ ನಾನು ತೊಗೊಳ್ಳಲಿಲ್ಲ. ಅಕ್ಕೋರು ಬೈದರು. ಆದರೂ ಇಸ್ಕೊಳ್ಳಲಿಲ್ಲ.

ಇಲ್ಲಿ ಜಮಖಾನೆಯ ಮಾತು ಹೇಳಬೇಕು. ಕೆಳಗಿನ ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿದ್ದರು, ಅಕ್ಕೋರ ತವರಿನಿಂದ ಬಂದದ್ದು. ನವಲಗುಂದದಲ್ಲಿ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ಹತ್ತಿ ನೂಲಿನಲ್ಲಿ ನೇಯುವ ಜಮಖಾನೆ ಅದು. ಭೌಗೋಳಿಕ ಗುರುತು, ಜಿಐ, ಸಿಕ್ಕಿದೆ. "ಮಷಿನ್ ತಂದೀಯಲ್ಲ, ಇದನ್ನೂ ತೊಳದ ಬಿಡು" ಅಂದರು. ಬಿಳಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಕೆಂಪು ಪಟ್ಟಿಯ ಮೇಲೆ ಒಂದು ನಿಮಿಷ ಒತ್ತಿದೆ. ಬಟ್ಟೆಗೆ ಗುಲಾಬಿ ಬಣ್ಣ ಹತ್ತಿತು. ಅಲ್ಲಿಗೆ ಎರಡೂ ವಿಧಾನ ಬೇಡ ಅಂದೆ. ಆ ಕೆಂಪು ಪಕ್ಕದ ಬಿಳಿಗೆ ಹರಿದರೆ ಅದನ್ನು ವಾಪಸ್ ತರುವ ವಿದ್ಯೆ ನನಗೆ ಗೊತ್ತಿಲ್ಲ. ಬೋರಲು ಹಾಕಿ ವ್ಯಾಕ್ಯೂಮ್ ಎಳೆದೆ. ಮಳೆ ನಿಂತ ಮೇಲೆ ಹಗ್ಗದ ಮೇಲೆ ಹಾಕಿ ಬಡಿಯಿರಿ, ನೆರಳಲ್ಲಿ ಗಾಳಿಗೆ ಬಿಡಿ ಅಂತ ಹೇಳಿದೆ.

ಉಣ್ಣೆಯ ಗಾಲಿಚಾ ಇದ್ದಿದ್ದರೆ ಲೆಕ್ಕ ಮತ್ತೂ ಬೇರೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲು ನೀರು ಹಿಡಿದರೂ ಕೈಗೆ ಒಣಗಿದಂತೆಯೇ ಅನಿಸುತ್ತದೆ. ಬಿಸಿ ಮತ್ತು ಕ್ಷಾರ ಎರಡೂ ಅದಕ್ಕೆ ಆಗುವುದಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಬಿಸಿನೀರು

ಕಡಿಮೆ ನೀರಿನ ತೊಳೆತ ಚೆನ್ನಾಗಿ ಆಯಿತು ಅಂತ ಅಲ್ಲಿಗೇ ಬಿಡಬಹುದಿತ್ತು. ನನಗೆ ಸಮಾಧಾನ ಇರಲಿಲ್ಲ. ಪ್ಯಾಡ್ ಮುಟ್ಟುವುದು ಎಳೆಗಳ ಮೇಲಿನ ಭಾಗವನ್ನು. ಬುಡದಲ್ಲಿ ನಾನು ಜುಲೈನಲ್ಲಿ ಕೆಸರು ಮಾಡಿಟ್ಟ ಮಣ್ಣು ಒಣಗಿ ಕೂತಿರಬೇಕು. ದುಪ್ಪಟ್ಟು ಹಾಕಿದ್ದ ಶಾಂಪೂ ಕೂಡ ಅಲ್ಲೇ ಇರಬೇಕು. ಅಕ್ಕೋರಿಗೆ ಇದನ್ನು ಬಿಚ್ಚಿ ಹೇಳಿದೆ. "ಸಂಕ್ರಾಂತಿ ಆಗ್ಲಿ, ಬಿಸಿಲ ಬರ್ಲಿ, ಅವಾಗ ಇನ್ನೊಮ್ಮೆ ಬಿಸಿನೀರ ಹಾಕೋಣ್ರಿ." ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಒಪ್ಪಿದರು.

ಫೆಬ್ರವರಿ ಧಾರವಾಡಕ್ಕೆ ಒಳ್ಳೆಯ ತಿಂಗಳು. ಗಾಳಿ ಒಣ, ಆಕಾಶ ತಿಳಿ, ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಅವತ್ತು ಬೇರೆ ಯಾವ ಕೆಲಸವನ್ನೂ ಒಪ್ಪಿಕೊಂಡಿರಲಿಲ್ಲ. ಮುಕ್ಕಾಲು ಗಂಟೆ ವ್ಯಾಕ್ಯೂಮ್. ಬೋರ್‌ವೆಲ್ ನೀರು ಗಡಸು ಅಂತ ನಲ್ಲಿ ನೀರು ಹಿಡಿದಿಟ್ಟಿರಲು ಹಿಂದಿನ ದಿನವೇ ಹೇಳಿದ್ದೆ. ಶಾಂಪೂ ಹಾಕಲೇ ಇಲ್ಲ. ಬರೀ ಬಿಸಿನೀರು, ಚಿಟಿಕೆಯಷ್ಟು ಸಿಟ್ರಿಕ್ ಆಸಿಡ್. ಒಮ್ಮೆ ಚಿಮ್ಮಿದರೆ ಎರಡು ಸಲ ಬರೀ ಹೀರುವುದು. ಹುಡುಗರ ಪಕ್ಕದಲ್ಲೇ ನಿಂತು ಎಣಿಸಿದೆ.

ಮೊದಲ ಹತ್ತು ನಿಮಿಷಕ್ಕೇ ಹೊಲಸು ನೀರಿನ ಟ್ಯಾಂಕಿನಲ್ಲಿ ನೊರೆ ಎದ್ದಿತು. ಶಾಂಪೂ ಹಾಕಿರಲಿಲ್ಲ, ಆದರೂ ನೊರೆ. ಏಳು ತಿಂಗಳ ಹಿಂದೆ ನಾನು ಹಾಕಿದ್ದು ಅದು. ಅದರ ಕೆಳಗಿನ ನೀರು ಎರೆ ಹೊಲದ ಹಳ್ಳದ ನೀರಿನಷ್ಟು ಕಪ್ಪು. ಮೇಲಿನಿಂದ ನೋಡಿದರೆ ಶುಭ್ರವಾಗಿ ಕಾಣುತ್ತಿದ್ದ ಕಾರ್ಪೆಟ್‌ನಿಂದ ಬಂದದ್ದು! ಕಡಿಮೆ ನೀರಿನ ವಿಧಾನವನ್ನು ಎಷ್ಟೇ ಮೆಚ್ಚಿದರೂ ಈ ಬಕೆಟ್ ನೋಡಿದ ಮೇಲೆ ಅದೊಂದೇ ಸಾಕು ಅಂತ ನಾನು ಯಾರಿಗೂ ಹೇಳಲಾರೆ. ಹಾಗೆಯೇ ಜುಲೈನ ಫೋಮ್ ನೋಡಿದ ಮೇಲೆ ಮಳೆಗಾಲದಲ್ಲಿ, ಎತ್ತಲಾಗದ ಕಾರ್ಪೆಟ್‌ಗೆ ಬಿಸಿನೀರು ಹಾಕಲಾರೆ. ಗಿರಾಕಿ ಎಷ್ಟೇ ಒತ್ತಾಯ ಮಾಡಿದರೂ.

ಮೂರು ಬಕೆಟ್, 45 ಲೀಟರ್ ಒಳಗೆ ಹೋಯಿತು. 39 ಲೀಟರ್ ವಾಪಸ್ ಬಂತು. ಕೊನೆಯ ಬಕೆಟ್‌ನ ನೀರು ಅಕ್ಕಿ ತೊಳೆದ ನೀರಿನಷ್ಟು ತಿಳಿ, ನೊರೆ ಇಲ್ಲ. ಈ ಸಲ ಕಿಟಕಿ, ಬಾಗಿಲು ಎರಡನ್ನೂ ತೆರೆದೆವು. ಬ್ಲೋವರ್ ಹಚ್ಚಿದೆವು. ಕೆಳಗೆ ಫೋಮ್ ಇರಲಿಲ್ಲ. ಸಂಜೆ ಐದಕ್ಕೆ ಬಟ್ಟಲು ಬೋರಲು ಇಟ್ಟೆ. ಐದೂವರೆಗೆ ಎತ್ತಿದಾಗ ಗಾಜು ತಿಳಿಯಾಗಿತ್ತು. ಅಕ್ಕೋರು ತಾವೇ ಇನ್ನೊಂದು ಬಟ್ಟಲು ತಂದು ಮಂಚದ ಕೆಳಗೆ ಇಟ್ಟು ನೋಡಿದರು. ಅಲ್ಲಿಯೂ ಮಂಜಿಲ್ಲ.

ಅರಿಶಿನದ ಕಲೆಗೆ ನಾವು ಬೇರೇನೂ ಮಾಡಲಿಲ್ಲ. ಓದುವ ಮೇಜನ್ನು ಪಕ್ಕದ ಗೋಡೆಗೆ ಸರಿಸಿದೆವು. ಈಗ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಆ ಜಾಗಕ್ಕೇ ಬೀಳುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬಿಳಿ ಪಂಚೆಗೆ ಹತ್ತಿದ ಅರಿಶಿನ ಬಿಸಿಲಿಗೆ ಹೋಗುವುದನ್ನು ಎಲ್ಲರ ಮನೆಯಲ್ಲೂ ಕಂಡಿದ್ದೇವೆ. ಏಪ್ರಿಲ್ ಹೊತ್ತಿಗೆ ಕಲೆ ಇದ್ದ ಜಾಗವನ್ನು ಹುಡುಗನೇ ತೋರಿಸಬೇಕಾಯಿತು.

ಹೊಸ ಫೋಮ್ ಬೇಡ ಅಂತ ಅಕ್ಕೋರೇ ನಿರ್ಧರಿಸಿದರು. ಕಾಲಿಗೆ ಸ್ವಲ್ಪ ಬಿರುಸು, ಆದರೆ ಒಣಗುವುದು ಬೇಗ. ಮಗ ಹೊಲದಿಂದ ಬಂದರೆ ಈಗ ಕೆಳಗೇ ಕಾಲು ತೊಳೆದು ಮೇಲೆ ಹತ್ತುತ್ತಾರೆ. ವಾರಕ್ಕೆರಡು ಸಲ ವ್ಯಾಕ್ಯೂಮ್ ಎಳೆಯುತ್ತಾರೆ. ಹುಡುಗ ತನ್ನ ಕೋಣೆಗೆ ವಾಪಸ್ ಹೋಗಿದ್ದಾನೆ. ಸೀನು ಪೂರ್ತಿ ನಿಂತಿಲ್ಲ, ಮೊದಲಿನಷ್ಟು ಇಲ್ಲ ಅಂತ ಸೊಸೆ ಹೇಳಿದರು. ಅದಕ್ಕೆ ಕಾರ್ಪೆಟ್ ಎಷ್ಟು ಕಾರಣ, ಡಾಕ್ಟರ ಔಷಧ ಎಷ್ಟು ಕಾರಣ ಅಂತ ನಾನು ಹೇಳಲು ಹೋಗುವುದಿಲ್ಲ.

ಈ ಜುಲೈನಲ್ಲಿ ಪ್ಯಾಡ್ ಮಷಿನ್ ಮಾತ್ರ ತೊಗೊಂಡು ಹೋಗುತ್ತೇನೆ. ಬಿಸಿನೀರು ಮುಂದಿನ ಫೆಬ್ರವರಿಗೆ. ಆ ದಿನವನ್ನು ಬರೆದುಕೋ ಅಂತ ಅಕ್ಕೋರು ನನ್ನ ಡೈರಿಯನ್ನು ಎದುರಿಗೇ ಬಿಚ್ಚಿಸಿದರು. ಬರೆದ ಮೇಲೆ ಕನ್ನಡಕ ಏರಿಸಿ ಓದಿ, ಒಂದು ಒತ್ತಕ್ಷರ ತಿದ್ದಿ ಕೊಟ್ಟರು.